ಬೆಂಚಿನ ಮೇಲಿನ ಈಜು

ನಮ್ಮ ಊರಿಗೆ ಬಂದವರು ಮೊದಲ ದಿನ ಬಹಳ ಸಂತೋಷವಾಗಿರುತ್ತಾರೆ. ಬಸ್ಸಿನಿಂದ ಇಳಿದು, ಖಾಲಿ ಸೈಟೊಂದರಲ್ಲಿ ಒಂದು ಕಲ್ಲು ಇಟ್ಟು, ಇಲ್ಲಿ ನನಗೊಂದು ಕೋಣೆ ಬೇಕು ಎಂದುಕೊಂಡರೆ ಸಾಕು, ನಾನು ಅವರಿಗೆಂದು ಕಾಫಿ ಕಾಯಿಸಿ ತರುವಷ್ಟರಲ್ಲಿ ಕೋಣೆ ಎದ್ದು ನಿಂತಿರುತ್ತದೆ. ಅಡುಗೆಮನೆ ಅದೇ ಸಂಜೆಗೆ ಮುಗಿಯುತ್ತದೆ. ಬಾವಿಗೆ ನೀರು ಬರಲು ಒಂದು ವಾರ. ಇಷ್ಟರಲ್ಲಿ ಹೊಸಬರು ತಮ್ಮ ನೆಂಟರಿಷ್ಟರಿಗೆಲ್ಲ ಫೋನು ಮಾಡಿ, ಇಂಥ ಊರು ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಹೊಗಳಿ ಮುಗಿಸಿರುತ್ತಾರೆ. ಆಮೇಲೆ ಮಹಡಿಗೆ ಕಲ್ಲಿಡುತ್ತಾರೆ. ಮಹಡಿ ಏಳಲು ತಿಂಗಳುಗಳೇ ಬೇಕು. ಗೋಡೆ ಇವತ್ತು ನೋಡಿದರೂ ಅಷ್ಟೇ, ನಾಳೆ ನೋಡಿದರೂ ಅಷ್ಟೇ. ಮಹಡಿಯ ಮೇಲಿನ ಕೋಣೆಗಂತೂ ಎರಡು ವರ್ಷ, ಅದರಾಚೆಯ ಗೋಪುರ, ತೂಗುಸೇತುವೆಗಳ ಮಾತು ಕೇಳಲೇಬೇಡಿ. ಮಹಡಿಯ ಗೋಡೆ ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ಹತ್ತರಲ್ಲಿ ಎಂಟು ಜನ ಗಂಟುಮೂಟೆ ಕಟ್ಟಿರುತ್ತಾರೆ. ನಾವು ಇದಕ್ಕೆ ಮಹಡಿ ಕಾಯಿಲೆ ಎನ್ನುತ್ತೇವೆ.

ಹೀಗೆ ಬಂದು ಹೋಗುವವರ ಹೆಸರನ್ನು ಮನಸ್ಸಿಗೆ ಹಚ್ಚಿಕೊಂಡರೆ ನಮ್ಮ ಗತಿಯೇನು? ಅದಕ್ಕೇ ಮಹಡಿ ಮುಗಿಯುವ ತನಕ ಯಾರ ಹೆಸರನ್ನೂ ಕೇಳಬಾರದೆಂಬುದು ನಮ್ಮಲ್ಲಿ ರೂಢಿ. ಅವರಾಗಿ ಹೇಳಲು ಬಂದರೂ ನಾವು ಮಾತು ತಿರುಗಿಸುತ್ತೇವೆ. ಮೂಲೆ ಸೈಟಿನವರು, ಹುಣಸೆಮರದ ಪಕ್ಕದವರು, ಹಾರ್ಮೋನಿಯಂ ತಂದವರು, ಹೀಗೆ ಏನೋ ಒಂದು ಗುರುತಿನಲ್ಲಿ ಕರೆಯುತ್ತೇವೆ. ಈ ರೂಢಿಯನ್ನು ಕಾಯುವವರು ಎದುರುಮನೆಯ ಡೊರೋತಿಬಾಯಿ. ತಮ್ಮ ಹಜಾರ ಎದ್ದೇಳಬೇಕಾದ ಜಾಗದಲ್ಲಿ ಗುಲಾಬಿ ಗಿಡ ಹಾಕಿಕೊಂಡು, ಹಜಾರ ಎಲ್ಲಿ ಬಂದುಬಿಡುತ್ತದೋ ಎಂದು ಈಗ ಹೆದರಿಕೊಂಡೇ ಬದುಕುತ್ತಿರುವ ಹೆಂಗಸು. ನನ್ನ ಹೆಸರು ಸಾಕಮ್ಮ. ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಹಳಬಳು ನಾನೇ.

ನಮ್ಮ ಬೀದಿಯ ತುದಿಯಲ್ಲಿ ಒಂದು ಈಜುಕೊಳ ಬೆಳೆಯುತ್ತಿತ್ತು. ಬೀದಿಗೊಂದು ಸಾರ್ವಜನಿಕ ಕಟ್ಟಡ ಇರುವುದು ನಮ್ಮ ಊರಿನ ಪದ್ಧತಿ. ಹಿಂದಿನ ಬೀದಿಯವರು ಗಡಿಯಾರ ಕಂಬ ಕೇಳಿಕೊಂಡರು, ನಮ್ಮ ಬೀದಿಯವರು ಯಾವ ಗಳಿಗೆಯಲ್ಲೋ ಈಜುಕೊಳ ಕೇಳಿಕೊಂಡರು. ಬೀದಿಯ ಕಟ್ಟಡಕ್ಕೆ ಬೇರೆಯೇ ನಿಯಮ. ಏಳೂ ಮನೆಗಳಲ್ಲಿ ಒಲೆ ಉರಿದ ದಿನ ಮಾತ್ರ ಅದು ಬೆಳೆಯುತ್ತದೆ. ಒಂದು ಮನೆ ಖಾಲಿಯಾದರೆ ನಿಲ್ಲುತ್ತದೆ. ಬರೀ ನಿಂತರೆ ಸಹಿಸಬಹುದಿತ್ತು, ಆದರೆ ಒಬ್ಬರು ಊರು ಬಿಟ್ಟರೆ ಕೊಳದ ಒಂದು ಮೆಟ್ಟಿಲು ನೆಲದೊಳಕ್ಕೆ ಇಳಿದು ಮಾಯವಾಗುತ್ತದೆ. ಆರು ಮನೆಗಳಲ್ಲಿ ನಾವು ಬೇರು ಬಿಟ್ಟವರಿದ್ದೆವು. ಏಳನೇ ಮನೆಯಲ್ಲಿ ಮಾತ್ರ ಯಾರೂ ನಿಲ್ಲುತ್ತಿರಲಿಲ್ಲ. ಗಿಳಿ ಸಾಕಿದ್ದ ದಂಪತಿ ಹೋದರು, ನಿವೃತ್ತ ಪೋಸ್ಟ್‌ಮಾಸ್ಟರ್ ಹೋದರು, ಹಾರ್ಮೋನಿಯಂ ತಂದವರು ಹಾರ್ಮೋನಿಯಂ ಬಿಟ್ಟು ಹೋದರು. ಕೊಳ ಹತ್ತುತ್ತಾ ಇಳಿಯುತ್ತಾ ವರ್ಷಗಳು ಕಳೆದವು.

ಇದರಿಂದ ಎಲ್ಲರಿಗೂ ಬೇಸರವಿತ್ತು, ಆದರೆ ನನ್ನ ಸಂಕಟವೇ ಬೇರೆ. ನನ್ನ ಗಂಡ ನಂಜುಂಡಯ್ಯ ಈ ಬೀದಿಯ ಈಜು ಮೇಷ್ಟ್ರು. ಕೊಳವಿಲ್ಲದ ಬೀದಿಗೆ ಈಜು ಮೇಷ್ಟ್ರು ಎಂದರೆ ನಗಬೇಡಿ, ನಮ್ಮಲ್ಲಿ ಯಾರೂ ನಗುವುದಿಲ್ಲ. ಕೊಳ ಬಂದಾಗ ಬೀದಿಯವರು ತಯಾರಿರಬೇಕೆಂದು ಮೊದಲಿನ ಮೇಷ್ಟ್ರೊಬ್ಬರು ಬೆಂಚಿನ ಮೇಲೆ ಈಜು ಕಲಿಸಲು ಶುರುಮಾಡಿದ್ದರು. ಅವರೂ ಮಹಡಿ ಕಾಯಿಲೆ ಬಂದು ಹೋದ ಮೇಲೆ ಆ ಕೆಲಸ ಇವರಿಗೆ ಬಂತು. ದಿನಾ ಬೆಳಗ್ಗೆ ಆರೂ ಮನೆಯ ಬೆಂಚುಗಳು ಬೀದಿಗೆ ಬರುತ್ತವೆ. ಎಲ್ಲರೂ ಬೋರಲಾಗಿ ಮಲಗಿ ಕೈ ಬೀಸುತ್ತಾರೆ, ಕಾಲು ಬಡಿಯುತ್ತಾರೆ. ಇವರು ನಡುವೆ ಓಡಾಡುತ್ತಾ ಮೊಣಕೈ ಎತ್ತಿ, ಕುತ್ತಿಗೆ ಸಡಿಲ ಬಿಡಿ, ಉಸಿರು ಎಡಕ್ಕೆ ಎನ್ನುತ್ತಾರೆ. ಇವರ ಬೆಂಚು ಮಾತ್ರ ಕಬ್ಬಿಣದ್ದು, ಹಳೆಯ ಬಸ್‌ಸ್ಟ್ಯಾಂಡು ಕೆಡವಿದಾಗ ಹೊತ್ತುಕೊಂಡು ಬಂದದ್ದು. ಅದರ ಮೇಲೆ ಇವರು ಚಿಟ್ಟೆ ಈಜು ಮಾಡಿ ತೋರಿಸಿದರೆ ಹಿಂದಿನ ಬೀದಿಯವರೂ ಬಂದು ನಿಂತು ನೋಡುತ್ತಿದ್ದರು. ಇಂಥ ಮನುಷ್ಯ ಒಂದು ಸಲವಾದರೂ ನೀರಿನಲ್ಲಿ ಕಲಿಸುವುದನ್ನು ನೋಡಬೇಕೆಂಬುದು ನನ್ನ ಆಸೆ. ಇವರ ಮೀಸೆ ಬೆಳ್ಳಗಾಗುತ್ತಿತ್ತು, ಮಂಡಿ ಚಟಚಟ ಎನ್ನುತ್ತಿತ್ತು. ಇನ್ನೊಂದು ಸಲ ಮೆಟ್ಟಿಲು ಇಳಿದರೆ ಆ ದಿನ ಬಾರದೆಂದು ನನಗೆ ಖಾತ್ರಿಯಾಗಿತ್ತು.

ಇವರ ಇನ್ನೊಂದು ಗುಣವನ್ನೂ ಹೇಳಬೇಕು. ಯಾರಾದರೂ ಊರು ಬಿಟ್ಟರೆ ಉಳಿದವರೆಲ್ಲ ಮುಖ ಊದಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಇವರು ಮಾತ್ರ ಅವರ ಪೆಟ್ಟಿಗೆ ಹೊತ್ತು ಬಸ್ಸಿನವರೆಗೆ ಹೋಗಿ, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು ಬರುತ್ತಿದ್ದರು. ಎಷ್ಟು ದೊಡ್ಡ ಮನಸ್ಸು ಎಂದು ನಾನು ಬೀದಿಯವರ ಮುಂದೆ ಹೆಮ್ಮೆ ಕೊಚ್ಚಿಕೊಂಡಿದ್ದೇನೆ.

ಮಾವಿನಹಣ್ಣಿನ ಕಾಲದಲ್ಲಿ ಏಳನೇ ಮನೆಗೆ ಅವಳು ಬಂದಳು. ಒಬ್ಬಳೇ, ಗಟ್ಟಿಮುಟ್ಟಾದ ಹೆಂಗಸು, ಮೂವತ್ತರ ಒಳಗಿನ ವಯಸ್ಸು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕುಕ್ಕರು. ಉತ್ತರದ ಕಡೆಯ ಮಾತು. ಹೊಳೆದಂಡೆಯ ಊರಿನವಳಂತೆ, ಅಪ್ಪ ದೋಣಿ ನಡೆಸುತ್ತಿದ್ದನಂತೆ. ಹೆಸರು ಹೇಳಲು ಬಾಯಿ ತೆರೆದಾಗ ನಾನು ಸಕ್ಕರೆ ಸಾಕೇ ಎಂದು ಕೇಳಿ ತಪ್ಪಿಸಿಕೊಂಡೆ. ಅವಳ ಆಸೆಯ ವೇಗ ನೋಡಬೇಕಿತ್ತು. ಕೋಣೆ ಏಳುತ್ತಿದ್ದಂತೆ ಅಡುಗೆಮನೆಗೆ ಕಲ್ಲು, ಅಡುಗೆಮನೆಯ ಹೊಗೆ ಆರುವ ಮೊದಲೇ ಬಾವಿಗೆ ಕಲ್ಲು. ಬಾವಿಯಲ್ಲಿ ನೀರು ಕಾಣಿಸಿದ ದಿನ ಬೀದಿಗೆಲ್ಲ ಹೋಳಿಗೆ ಹಂಚಿದಳು. ಮಾರನೆಯ ದಿನವೇ ಮಹಡಿಗೆ ಕಲ್ಲಿಟ್ಟು, ಕುರ್ಚಿ ಹಾಕಿಕೊಂಡು ಗೋಡೆಯನ್ನು ನೋಡುತ್ತಾ ಕುಳಿತಳು. ಹಾಗೆ ಕುರ್ಚಿ ಹಾಕಿಕೊಂಡು ಕುಳಿತವರಲ್ಲಿ ಉಳಿದವರನ್ನು ನಾನು ಕಂಡಿರಲಿಲ್ಲ. ಇಲ್ಲಿ ಕಾಯುವುದರ ಜೊತೆಗೆ ಕೈಗೆ ಬೇರೊಂದು ಕೆಲಸ ಬೇಕು.

ಆಗ ಕೊಳಕ್ಕೆ ಕೊನೆಯ ಎರಡು ಮೆಟ್ಟಿಲು ಬಾಕಿ ಇದ್ದವು. ಅಷ್ಟು ಹತ್ತಿರ ಅದು ಹಿಂದೆಂದೂ ಬಂದಿರಲಿಲ್ಲ. ಬೀದಿಯವರು ಅವಳನ್ನು ಉಳಿಸಿಕೊಳ್ಳಲು ಏನೆಲ್ಲ ಮಾಡಿದರು ಎಂದರೆ ಈಗ ನೆನೆದರೆ ನನಗೇ ನಗು ಬರುತ್ತದೆ. ದಿನಾ ಬೆಳಗ್ಗೆ ಅವಳ ಬಾಗಿಲಲ್ಲಿ ಏನಾದರೊಂದು ಇಟ್ಟು ಬರುವುದೆಂದಾಯಿತು. ಒಂದು ದಿನ ಗುಲಾಬಿ, ಒಂದು ದಿನ ಮಾವಿನಹಣ್ಣು, ಒಂದು ದಿನ ನಮ್ಮ ಪಕ್ಕದ ಮನೆಯ ಮೆಹಬೂಬ್ ಸಾಬರು ರಿಪೇರಿ ಮಾಡಿದ ರೇಡಿಯೊ. ಸತತ ಒಂದು ವಾರ ಇದ್ದದ್ದಕ್ಕೆಂದು ಭಾನುವಾರ ಕೋಳಿಸಾರು. ಅವಳು ಎಲ್ಲವನ್ನೂ ತೆಗೆದುಕೊಂಡಳು, ಥ್ಯಾಂಕ್ಸ್ ಹೇಳಿದಳು, ಮತ್ತೆ ಕುರ್ಚಿಯಲ್ಲಿ ಕುಳಿತಳು. ಗೋಡೆ ಮೊಣಕಾಲಿಗೆ ಬಂತು. ಅವಳು ಬಸ್ಸಿನ ವೇಳೆ ಕೇಳತೊಡಗಿದಳು.

ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಊರಿನಲ್ಲಿ ಬೆಳೆಯುತ್ತಿರುವ ನಮ್ಮ ಗೋಡೆಯಿಂದ ಒಂದು ಇಟ್ಟಿಗೆ ಕಿತ್ತು ಇನ್ನೊಬ್ಬರ ಗೋಡೆಯ ಮೇಲಿಟ್ಟರೆ, ನಾವು ಕಾದ ಕಾಲವೆಲ್ಲ ಅವರ ಗೋಡೆಗೆ ಹೋಗುತ್ತದೆ. ನಮ್ಮದು ಅಲ್ಲೇ ನಿಲ್ಲುತ್ತದೆ, ಅವರದು ಧಿಗ್ಗನೆ ಏಳುತ್ತದೆ. ಯಾರೂ ಹಾಗೆ ಮಾಡುವುದಿಲ್ಲ, ಕಾದವರಿಗೇ ಗೊತ್ತು ಅದರ ಬೆಲೆ. ನಾನು ಮಹಡಿಯ ಮೇಲೆ ಬೆಳೆಯುತ್ತಿದ್ದ ನನ್ನ ಎರಡನೇ ಕೋಣೆಯಿಂದ ಒಂದು ಇಟ್ಟಿಗೆ ಕಿತ್ತೆ. ಬೀದಿಯವರನ್ನೂ ಬೆನ್ನು ಬಿದ್ದು ಒಪ್ಪಿಸಿದೆ. ಮೆಹಬೂಬ್ ಸಾಬರು ತಮ್ಮ ಮನೆಯ ಮೆಟ್ಟಿಲಿಂದ ಕೊಟ್ಟರು. ಡೊರೋತಿಬಾಯಿ ಹಜಾರದ ಇಟ್ಟಿಗೆಯನ್ನು ಗುಲಾಬಿ ಉಳಿಯಿತೆಂಬ ಖುಷಿಯಲ್ಲೇ ಕೊಟ್ಟರು. ಅವಳು ಸಂತೆಗೆ ಹೋಗಿದ್ದಾಗ ಎಲ್ಲ ಇಟ್ಟಿಗೆಗಳನ್ನೂ ಅವಳ ಗೋಡೆಯ ಮೇಲೆ ಸಾಲಾಗಿ ಇಟ್ಟೆವು. ಅವಳು ತರಕಾರಿ ಚೀಲ ಹಿಡಿದು ವಾಪಸು ಬರುವಾಗ ಮಹಡಿ, ಅದಕ್ಕೊಂದು ಬಾಲ್ಕನಿ, ಬಾಲ್ಕನಿಗೆ ಬಣ್ಣದ ಗಾಜು, ಎಲ್ಲ ಮುಗಿದು ನಿಂತಿತ್ತು. ನಾವು ಬೀದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆವು.

ಅವಳು ಮಹಡಿ ಹತ್ತಿದಳು. ಇಳಿದಳು. ಇನ್ನೊಮ್ಮೆ ಹತ್ತಿ ಕಿಟಕಿ ತೆಗೆದು ಹಾಕಿ ಮಾಡಿದಳು. ಕೆಳಗೆ ಬಂದು ಮುಂದೇನು ಎಂದು ಕೇಳಿದಳು. ಮುಂದೆ ಮೇಲಿನ ಕೋಣೆ, ಎರಡು ವರ್ಷ ಎಂದೆ. ಅವಳ ಮುಖ ಬಾಡಿತು. "ಎರಡು ವರ್ಷ ಸುಮ್ನ ಕುಂದ್ರಾಕ ನಾ ಏನ್ ಕೋರ್ಟಿಗೆ ಬಂದೀನೇನ್ರಿ ಅಕ್ಕಾರ?" ಎಂದಳು. ಮಹಡಿಗೆ ಕಾಯುವಾಗ ಮುಂದಿನ ತಿಂಗಳಿಗಾದರೂ ಒಂದು ಆಸೆ ಇತ್ತು, ಈಗ ಅದೂ ಇಲ್ಲ. ನಾವು ಅದನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟಿದ್ದೆವು. ಮೂರು ತಿಂಗಳಾದರೂ ಇರಬಹುದಾಗಿದ್ದ ಹೆಂಗಸನ್ನು ಇಡೀ ಬೀದಿ ಸೇರಿ, ಕೈಯಾರೆ, ಮರುದಿನದ ಬಸ್ಸಿಗೆ ಕಳಿಸುತ್ತಿದ್ದೆವು. ಸಾಲದ್ದಕ್ಕೆ ಅವಳ ಹೆಸರು ಕೇಳಬಹುದೇ ಎಂಬ ಚರ್ಚೆಯೂ ಶುರುವಾಯಿತು. ಡೊರೋತಿಬಾಯಿ ತೀರ್ಪು ಕೊಟ್ಟರು. "ಇಟ್ಟಿಗೆ ನಮ್ದು, ಕಾದಿದ್ದು ನಾವು. ಅವಳು ಕಾದಿಲ್ಲ. ಕೇಳೋ ಹಾಗಿಲ್ಲ."

ಮರುದಿನ ಬೆಳಗ್ಗೆ ನಾನು ಅವಳ ಮನೆಗೆ ಓಡಿದೆ. ಕಾಲು ಹಿಡಿಯಬೇಕೆಂದೇ ಹೋಗಿದ್ದೆ. ಅವಳು ಚೀಲದಲ್ಲಿ ಕುಕ್ಕರು ತುರುಕಿ, ಕೊನೆಯ ಸಲವೆಂದು ಬಾಲ್ಕನಿಯಲ್ಲಿ ನಿಂತಿದ್ದಳು. ಕೆಳಗೆ ಬೀದಿಯಲ್ಲಿ ಪಾಠ ನಡೆಯುತ್ತಿತ್ತು. ಇಷ್ಟು ದಿನ ಗೋಡೆಗೆ ಮುಖ ಮಾಡಿ ಕುಳಿತವಳು ಅದನ್ನು ನೋಡಿರಲೇ ಇಲ್ಲ. "ಅಕ್ಕಾರ, ಆ ಮಂದಿ ಬೆಂಚಿನ ಮ್ಯಾಲ ಬೋರಲ ಮಲಕೊಂಡು ಏನ್ ಮಾಡಾಕತ್ತಾರ?" ಎಂದು ಕೇಳಿದಳು. ಈಜುತ್ತಿದ್ದಾರೆ ಎಂದೆ. ಅವಳು ನನ್ನ ಮುಖ ನೋಡಿದಳು, ಕೆಳಗೆ ನೋಡಿದಳು, ಆಮೇಲೆ ಕಂಬಿ ಹಿಡಿದುಕೊಂಡು ನೆಲಕ್ಕೆ ಕುಸಿದು ನಗತೊಡಗಿದಳು. ಕಣ್ಣಲ್ಲಿ ನೀರು, ಮಾತಾಡಲು ಹೋದರೆ ಬಿಕ್ಕಳಿಕೆ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅವಳ ಜೊತೆ ಕುಳಿತು ಕೆಳಗೆ ನೋಡಿದೆ. ಇಷ್ಟು ವರ್ಷ ನಾನೂ ಬೆಂಚಿನ ಮೇಲೇ ಇದ್ದವಳು, ಅದನ್ನು ಮೇಲಿನಿಂದ ನೋಡಿರಲೇ ಇಲ್ಲ. ಮೆಹಬೂಬ್ ಸಾಬರು ಟೋಪಿ ಹಾಕಿಕೊಂಡೇ ಈಜುತ್ತಿದ್ದರು. ಡೊರೋತಿಬಾಯಿ ಉಸಿರಿಗೆಂದು ಎಡಕ್ಕೆ ತಿರುಗಿದಾಗಲೆಲ್ಲ ಗುಲಾಬಿ ಗಿಡದ ಕಡೆ ಒಂದು ಕಣ್ಣು ಹಾಯಿಸುತ್ತಿದ್ದರು. ನಾನೂ ನಕ್ಕೆ.

ನಗು ನಿಂತ ಮೇಲೆ ಅವಳು ಚೀಲ ಹಿಡಿದೇ ಕೆಳಗಿಳಿದು ನೇರ ನನ್ನ ಗಂಡನ ಬೆಂಚಿನ ಹತ್ತಿರ ಹೋದಳು. ಹೊಳೆಯ ಮಗಳಲ್ಲವೇ, ಕೈಕಾಲುಗಳ ಚಲನೆ ಸರಿಯಾಗಿದೆ ಎಂದು ಒಪ್ಪಿಕೊಂಡಳು. ಆಮೇಲೆ, "ಮಾಸ್ತರ, ಮೂಗಿನಾಗ ನೀರು ಹೊಕ್ರ ಏನ್ ಮಾಡ್ತೀರಿ?" ಎಂದು ಕೇಳಿದಳು. ಇವರು ಬೀಸುತ್ತಿದ್ದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು. ಎಲ್ಲ ಪ್ರಶ್ನೆಗೂ ಉತ್ತರವಿದ್ದ ಮನುಷ್ಯ ಬೆಂಚಿನ ಧೂಳು ಒರೆಸತೊಡಗಿದರು. ಅವಳು ಇವರ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿದಳು. ಏನೋ ಅರ್ಥವಾದಂತೆ ತಲೆಯಾಡಿಸಿ, ಬೀದಿಯ ಕಡೆ ತಿರುಗಿ, ಮಾಸ್ತರರ ಪಾಠ ಚೆನ್ನಾಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಚೀಲದಿಂದ ಕುಕ್ಕರು ಹೊರಗೆ ತೆಗೆದಳು. "ಈ ಮಂದಿ ನೀರಾಗ ಇಳಿಯೂದು ನೋಡದ ಹೋದ್ರ ನಂಗ ನಿದ್ದಿ ಬರಂಗಿಲ್ರಿ. ಮುಂದಿನ ಬಸ್ಸಿಗೆ ಹೋಗ್ತೀನಿ" ಎಂದಳು.

ಅವತ್ತು ಸಂಜೆ ನನ್ನ ಗಂಡ ಊಟಕ್ಕೆ ಕುಳಿತವರು ಅನ್ನ ಕಲೆಸುತ್ತಲೇ ಇದ್ದರು. ಏನಾಯಿತು ಎಂದು ಎರಡು ಸಲ ಕೇಳಿದ ಮೇಲೆ ತಟ್ಟೆಗೆ ಹೇಳುವವರಂತೆ ಹೇಳಿದರು.

"ಸಾಕೂ, ನಂಗೆ ಈಜು ಬರಲ್ಲ ಕಣೆ."

"ನಮ್ಮೂರಲ್ಲಿ ಕೆರೆ ಇತ್ತು ಅಂತಿದ್ರಲ್ಲ?"

"ಕೆರೆ ಇತ್ತು. ನಾನು ದಡದಲ್ಲಿ ಕೂತು ಮಿಕ್ಕ ಹುಡುಗರ ಬಟ್ಟೆ ಕಾಯ್ತಿದ್ದೆ."

ಇವರಿಗೆ ಕಲಿಸಿದ ಮೊದಲಿನ ಮೇಷ್ಟ್ರು ಬಹುಶಃ ಈಜು ಬಲ್ಲವರೇ. ಆದರೆ ಅವರು ಕಲಿಸಿದ್ದು ಬೆಂಚಿನ ಮೇಲೆ, ಇವರು ಕಲಿತದ್ದು ಬೆಂಚಿನ ಮೇಲೆ. ಅವರು ಹೊರಟುಹೋದಾಗ ಯಾರಾದರೂ ಪಾಠ ಮುಂದುವರಿಸಬೇಕಿತ್ತು, ಇವರು ಎದ್ದು ನಿಂತರು. ಕೊಳ ಮುಗಿಯುವ ಊರೇ ಅಲ್ಲ ಇದು ಎಂಬ ಧೈರ್ಯದಲ್ಲಿದ್ದರು. ಹಾಗೆಂದು ಕೇಳುತ್ತಿದ್ದಂತೆ ನನಗೆ ಆ ಪೆಟ್ಟಿಗೆಗಳು ನೆನಪಾದವು, ಹೊರಟವರ ಪೆಟ್ಟಿಗೆ ಹೊತ್ತು ಬಸ್ಸಿಗೆ ಓಡುತ್ತಿದ್ದ ಆ ದೊಡ್ಡ ಮನಸ್ಸು ನೆನಪಾಯಿತು. ನಾನು ಸೌಟು ಎತ್ತಿಕೊಂಡೆ. ಇವರು ತಲೆ ತಗ್ಗಿಸಿದರು. ಹೊಡೆಯಬೇಕೆಂದಿದ್ದೆ, ಆದರೆ ಇವರ ಕಿವಿ ಕೆಂಪಾಗಿದ್ದನ್ನು ನೋಡಿ ಅದೇ ಸೌಟಿನಲ್ಲಿ ಇನ್ನೊಂದಿಷ್ಟು ಸಾರು ಬಡಿಸಿದೆ. ಇಡೀ ಬೀದಿ ಇವರನ್ನು ನಂಬಿ ನೀರಿಗೆ ಹಾರಲು ತಯಾರಾಗಿದೆ, ಈಗೇನು ಮಾಡುವುದು ಎಂಬ ಚಿಂತೆ ನನಗೂ ಅಂಟಿಕೊಂಡಿತು. ಅಷ್ಟು ವರ್ಷ ಬೇಕು ಬೇಕು ಎಂದು ಕಾದ ಕೊಳ ಈಗ ಬಾರದಿದ್ದರೆ ಸಾಕು ಅನಿಸಿತು.

ಕೊಳ ಬಂದೇ ಬಿಟ್ಟಿತು. ಮಳೆ ಶುರುವಾಗುವ ಹೊತ್ತಿಗೆ ಕೊನೆಯ ಮೆಟ್ಟಿಲು ಎದ್ದಿತು. ಬೀದಿಯವರು ಬಣ್ಣದ ಕಾಗದ ಕಟ್ಟಿ, ಎಣ್ಣೆ ಹಚ್ಚಿಕೊಂಡು, ಟವಲು ಹೆಗಲಿಗೆ ಹಾಕಿಕೊಂಡು ಬಂದು ನಿಂತರು. ನನ್ನ ಗಂಡ ಹಣೆಗೆ ವಿಭೂತಿ ಹಚ್ಚಿಕೊಂಡು, ಯುದ್ಧಕ್ಕೆ ಹೊರಟವರಂತೆ ಮುಂದೆ ನಿಂತಿದ್ದರು. ನಾನು ಅವರ ಟವಲಿನ ತುದಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಕೊಳದ ತಳದಿಂದ ನೀರು ಜಿನುಗಿತು. ಪಾದ ಮುಳುಗುವಷ್ಟು ಬಂದು ನಿಂತಿತು. ನಾವು ಕಾದೆವು. ಮಧ್ಯಾಹ್ನವಾಯಿತು. ನೀರು ಪಾದದಷ್ಟೇ ಇತ್ತು. ಆಗ ಮೊದಲು ಅರ್ಥವಾದದ್ದು ನನಗೆ. ಈ ಊರಿನಲ್ಲಿ ನೀರು ಮಾತ್ರ ಅವಸರದಲ್ಲಿ ಯಾಕೆ ಬಂದೀತು? ಅದೂ ಎಲ್ಲದರ ಹಾಗೆ ಒಂದೊಂದು ಬೆರಳು ಏರಿಯೇ ತುಂಬಬೇಕು. ನನ್ನ ಗಂಡ ನನ್ನ ಕಡೆ ತಿರುಗಿದರು. ಮದುವೆಯ ದಿನವೂ ಆ ಮುಖದಲ್ಲಿ ಅಷ್ಟು ಬೆಳಕು ನೋಡಿರಲಿಲ್ಲ.

ಬೀದಿಯವರು ಗೊಣಗಿಕೊಂಡು ಟವಲು ಮಡಿಸತೊಡಗಿದಾಗ ಏಳನೇ ಮನೆಯವಳು ಮುಂದೆ ಬಂದಳು. ಬೆಂಚುಗಳನ್ನು ಕೊಳದೊಳಗೆ ಇಳಿಸೋಣ, ನೀರು ಎಷ್ಟಿದೆಯೋ ಅಷ್ಟರಲ್ಲಿ ಪಾಠ ಮಾಡೋಣ, ಮಾಸ್ತರರದೂ ಅದೇ ಅಭಿಪ್ರಾಯ ಎಂದಳು. ಮಾಸ್ತರರು ಗಂಭೀರವಾಗಿ ಹೌದೆಂದರು. ಮಿಕ್ಕವರ ಮರದ ಬೆಂಚುಗಳು ನೀರು ಹೆಚ್ಚಿದಾಗ ತೇಲತೊಡಗಿದವು, ಅವುಗಳನ್ನು ಹಿಡಿದುಕೊಂಡೇ ಅವರು ಕಾಲು ಬಡಿಯುವುದನ್ನು ಕಲಿತರು. ಇವರ ಕಬ್ಬಿಣದ ಬೆಂಚು ಮಾತ್ರ ತಳ ಬಿಡಲಿಲ್ಲ. ನೀರು ಮಂಡಿಗೆ ಬಂದಾಗ ಅವಳು ಎಲ್ಲರನ್ನೂ ಕೂರಿಸಿ ಮುಖ ಅದ್ದಿಸಿ ಗುಳುಗುಳು ಎನಿಸಿದಳು. ಬೀದಿಗೆ ಅವಳು ಮಾಸ್ತರರ ಸಹಾಯಕಿ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಮಾತ್ರ ಅವಳು ಮಾಸ್ತರು, ಇವರು ವಿದ್ಯಾರ್ಥಿ. ನಾನು ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಾ ಕಾವಲು ಕೂರುತ್ತಿದ್ದೆ. ಮೂಗಿನೊಳಗೆ ನೀರು ಹೊಕ್ಕರೆ ಏನು ಮಾಡಬೇಕೆಂದು ಇವರು ಆ ವಯಸ್ಸಿನಲ್ಲಿ ಕೆಮ್ಮುತ್ತಾ ಕಲಿತರು. ಅವಳು ವಾರಕ್ಕೊಮ್ಮೆ ಮುಂದಿನ ಬಸ್ಸಿಗೆ ಹೋಗುತ್ತೇನೆ ಎನ್ನುತ್ತಿದ್ದಳು. ಮೇಲಿನ ಕೋಣೆಗೆ ಯಾವಾಗಲೋ ಕಲ್ಲಿಟ್ಟಿದ್ದಳು, ಅದು ಎಷ್ಟು ಬೆಳೆದಿದೆ ಎಂದು ನೋಡಲು ಮರೆಯುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ನೀರು ಎದೆಮಟ್ಟ ಬಂದಿತ್ತು. ಅವತ್ತು ಬೆಳಗ್ಗೆ ಇಡೀ ಬೀದಿ ಕೊಳದ ಸುತ್ತ ಇತ್ತು, ಹಿಂದಿನ ಬೀದಿಯವರೂ ಬಂದಿದ್ದರು. ನನ್ನ ಗಂಡ ಎಂದಿನಂತೆ ತಮ್ಮ ಬೆಂಚಿನ ಜಾಗಕ್ಕೆ ನಡೆದು, ಬೋರಲಾಗಿ ಚಾಚಿಕೊಂಡು, ಕಣ್ಣು ಮುಚ್ಚಿ ಕೈ ಬೀಸತೊಡಗಿದರು. ಕೆಲವು ದಿನಗಳಿಂದ ನೀರು ಬೆಂಚಿಗಿಂತ ಎಷ್ಟೋ ಮೇಲೇರಿತ್ತು. ಆದರೂ ಹೊಟ್ಟೆಯ ಕೆಳಗೆ ಬೆಂಚಿದೆ ಎಂಬ ನಂಬಿಕೆಯಲ್ಲಿ, ನೀರೊಳಗೆ ಏಳನೇ ಮನೆಯವಳ ಅಂಗೈ ಆಸರೆಯಲ್ಲಿ ಇವರು ಈಜುತ್ತಿದ್ದರು. ಅವತ್ತು ಅವಳು ಮೆಲ್ಲಗೆ ಕೈ ತೆಗೆದು ಹಿಂದೆ ಸರಿದಳು. ಇವರು ಮೊಣಕೈ ಎತ್ತಿದರು, ಕುತ್ತಿಗೆ ಸಡಿಲ ಬಿಟ್ಟರು, ಉಸಿರು ಎಡಕ್ಕೆ ತೆಗೆದುಕೊಂಡರು. ಮತ್ತು ಮುಂದೆ ಹೋದರು. ನಾನು ಮದುವೆಯಾದ ಮನುಷ್ಯ, ಅಷ್ಟು ವರ್ಷ ಇದ್ದಲ್ಲೇ ಈಜಿದ ಮನುಷ್ಯ, ಮುಂದೆ ಹೋಗುತ್ತಿದ್ದರು. ನಾನು ದಡದ ಮೇಲೆ ಅವರ ಜೊತೆಜೊತೆಗೇ ನಡೆದೆ. ಕಬ್ಬಿಣದ ಬೆಂಚು ಹಿಂದೆ, ನೀರಿನ ತಳದಲ್ಲಿ ತಣ್ಣಗೆ ಕುಳಿತಿತ್ತು.

ಆಚೆಯ ಗೋಡೆಗೆ ತಲೆ ತಾಗಿದಾಗ ಇವರು ಕಣ್ಣು ಬಿಟ್ಟರು. ಹೊಟ್ಟೆಯ ಕೆಳಗೆ ಕೈಯಾಡಿಸಿದರು. ಮುಖ ಬಿಳಿಚಿಕೊಂಡಿತು.

"ದ್ಯಾಮವ್ವಾ, ಬೆಂಚೆಲ್ಲಿ?"

"ಅಲ್ಲೇ ಐತ್ರಿ ಮಾಸ್ತರ. ನೀವ ಬಂದಿರಿ."

ಇಡೀ ಬೀದಿ ಒಮ್ಮೆಗೇ ಅವಳ ಕಡೆ ತಿರುಗಿತು. ಹಾಗಾದರೆ ಅವಳ ಹೆಸರು ದ್ಯಾಮವ್ವ. ನನ್ನ ಗಂಡ ಅದನ್ನು ಮೊದಲ ದಿನದ ಪಾಠದಲ್ಲೇ ಕೇಳಿ ತಿಳಿದುಕೊಂಡಿದ್ದರಂತೆ. ಮುಳುಗಿದರೆ ಯಾರನ್ನು ಕೂಗುವುದು ಎಂದು ಗೊತ್ತಿರಬೇಕಲ್ಲ ಎಂದು ಆಮೇಲೆ ಹೇಳಿದರು. ಎಲ್ಲರೂ ರೂಢಿ ಮುರಿದದ್ದಕ್ಕೆ ಡೊರೋತಿಬಾಯಿ ಏನು ಹೇಳುತ್ತಾರೋ ಎಂದು ನೋಡಿದರು. ಅವರು ಗುಲಾಬಿಯ ಕಡೆ ಒಮ್ಮೆ ನೋಡಿ, ಲಂಗ ಎತ್ತಿ ಕಟ್ಟಿಕೊಂಡು, "ದ್ಯಾಮವ್ವ, ನನ್ನ ಬೆನ್ನು ಹಿಡ್ಕೋ" ಎಂದು ನೀರಿಗೆ ಇಳಿದರು.

ಹಬ್ಬ ಮುಗಿದ ಮಾರನೆಯ ದಿನ ಬಸ್ಸಿನಿಂದ ಹಿಂದಿನ ಬೀದಿಯ ಮೂಲೆಯ ಖಾಲಿ ಸೈಟಿಗೆ ಒಬ್ಬ ಮುದುಕ ಬಂದಿಳಿದ. ಒಂದು ಟ್ರಂಕು, ಒಂದು ಕೊಡೆ. ಮಹಡಿ ಹತ್ತುವ ಮುಖವಲ್ಲ ಅದು, ಬಾವಿಯವರೆಗೂ ಇರುತ್ತಾನೋ ಇಲ್ಲವೋ. ನಾನು ಕಾಫಿ ಲೋಟ ಹಿಡಿದು ಹೋದೆ. ಅವನ ಕೋಣೆ ಇನ್ನೂ ಏಳುತ್ತಲೇ ಇತ್ತು. ಅವನು ಕಲ್ಲಿಟ್ಟು ಸೊಂಟ ನೆಟ್ಟಗೆ ಮಾಡುವುದನ್ನೂ ಕಾಯದೆ, ನಿಮ್ಮ ಹೆಸರೇನು ಎಂದು ಕೇಳಿದೆ.